ಈಗ ನಡೆದಿರುವುದೇನು?

ಕೆಲಸ ಮಾಡುವವರಲ್ಲಿ ಎರಡು ಬಗೆ. ಮಾಡುವುದನ್ನೆಲ್ಲ ಓಣಿಗೆ ಕೇಳಿಸುವಂತೆ ಮಾಡುವವರು ಒಂದು ಬಗೆ. ತುಟಿಪಿಟಕ್ಕೆನ್ನದೆ ಮಾಡುವವರು ಇನ್ನೊಂದು ಬಗೆ. ನಮ್ಮ ಮನೆಯ ವಿದ್ಯುತ್ ಮಗ್ಗಗಳು ಮೊದಲನೆಯ ಬಗೆಗೆ ಸೇರಿದವು. ರಬಕವಿ-ಬನಹಟ್ಟಿ, ಇಳಕಲ್ಲು, ಗುಳೇದಗುಡ್ಡಗಳ ಕಡೆ ಓಡಾಡಿದವರಿಗೆ ಆ ಸದ್ದನ್ನು ನಾನು ಬಣ್ಣಿಸಬೇಕಾಗಿಲ್ಲ. ಓಡಾಡದವರಿಗೆ ಬಣ್ಣಿಸಿದರೂ ತಿಳಿಯದು. ಲಾಳಿ ಆ ಕಡೆಯಿಂದ ಈ ಕಡೆಗೆ ಹಾರಿ ಬಡಿದುಕೊಳ್ಳುವ ಸದ್ದು, ಹಣಿಗೆ ಹೊಕ್ಕಿನ ಎಳೆಯನ್ನು ಒತ್ತುವ ಸದ್ದು, ಎರಡೂ ಸೇರಿ ಗೋಡೆಯೇ ಮಾತಾಡುತ್ತಿರುವಂತೆ ತೋರುತ್ತದೆ. ಅಪ್ಪ ಹೊರಗಿನ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಲೇ, "ಮೂರನೇದು ನಿಂತೈತಿ, ಎಳಿ ಹರದಿರಬೇಕು, ನೋಡ ಯವ್ವಾ" ಎನ್ನುತ್ತಾರೆ. ಹೋಗಿ ನೋಡಿದರೆ ಮೂರನೆಯದೇ ನಿಂತಿರುತ್ತದೆ, ಎಳೆಯೇ ಹರಿದಿರುತ್ತದೆ. ನಾಲ್ಕು ಮಗ್ಗಗಳ ಗದ್ದಲದಲ್ಲಿ ಒಂದರ ಮೌನವನ್ನು ಕೇಳಿಸಿಕೊಳ್ಳುವ ಆ ಕಿವಿ ನನಗೆ ಬರಲಿಲ್ಲ.

ಎರಡನೆಯ ಬಗೆಯ ಕೆಲಸಗಾರನ ಪರಿಚಯವಾದುದು ನಮ್ಮ ಕಾಲೇಜಿನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ. ಅಲ್ಲಿರುವ ಹಳೆಯ ಗಣಕಯಂತ್ರಕ್ಕೆ ಲಿನಕ್ಸ್ ಹಾಕಿದ್ದಾರೆ. ಬಿ.ಎ. ಓದುವವಳಿಗೆ, ಅದರಲ್ಲೂ ಕನ್ನಡ ಮತ್ತು ಇತಿಹಾಸವನ್ನು ಐಚ್ಛಿಕವಾಗಿ ತೆಗೆದುಕೊಂಡವಳಿಗೆ, ಈ ಕರಿಯ ಪರದೆಯ ಉಸಾಬರಿ ಏತಕ್ಕೆ ಎಂದು ನೀವು ಕೇಳಬಹುದು. ಹಲವರು ಕೇಳಿಯೂ ಕೇಳಿದ್ದಾರೆ. ಕಾರಣ ಇಷ್ಟೆ: ನೀವು ಈಗ ಕೈಯಲ್ಲಿ ಹಿಡಿದಿರುವ ಈ ವಾರ್ಷಿಕ ಸಂಚಿಕೆಯ ಹಿರಿಯಕ್ಕಂದಿರು, ಎಂದರೆ ಐವತ್ತು ಅರವತ್ತರ ದಶಕಗಳ ಸಂಚಿಕೆಗಳು, ಕಪಾಟಿನಲ್ಲಿ ಹುಳುವಿಗೆ ಆಹಾರವಾಗುತ್ತಿದ್ದವು. ಅವುಗಳ ಪುಟಗಳ ಚಿತ್ರ ತೆಗೆದು, ಆ ಚಿತ್ರಗಳಿಂದ ಅಕ್ಷರಗಳನ್ನು ಬಿಡಿಸಿ, ಹುಡುಕಿದರೆ ಸಿಗುವಂತೆ ಮಾಡಬೇಕೆಂದು ಗ್ರಂಥಪಾಲಕರು ಹೊರಟರು. ನಾನೂ ನನ್ನ ಗೆಳತಿಯೂ ಕೈಜೋಡಿಸಿದೆವು. (ಆ ಸಂಚಿಕೆಗಳನ್ನೇ ಹಗಲಿರುಳು ಓದಿ ನನ್ನ ಬರಹದ ಧಾಟಿಯೂ ಅದೇ ಆಗಿಹೋಗಿದೆಯೆಂದು ಗೆಳತಿಯ ದೂರು. ಇರಲಿ.)

ಚಿತ್ರದಿಂದ ಅಕ್ಷರ ಬಿಡಿಸುವ ಕೆಲಸಕ್ಕೆ ನಾವು ಹಚ್ಚಿದುದು ಟೆಸರಾಕ್ಟ್ ಎಂಬ ತಂತ್ರಾಂಶವನ್ನು. ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆಯಲ್ಲಿ ಹುಟ್ಟಿ, ೨೦೦೫ರಲ್ಲಿ ಎಲ್ಲರಿಗೂ ಮುಕ್ತವಾದ ಈ ತಂತ್ರಾಂಶ ಈಗ ಕನ್ನಡವನ್ನೂ ಓದಬಲ್ಲದು. ಅಚ್ಚುಮೊಳೆ ಸವೆದ ಕಡೆ 'ವ'ವನ್ನು 'ಪ' ಎನ್ನುತ್ತದೆ. ಒತ್ತಕ್ಷರ ಮಸುಕಾಗಿದ್ದರೆ ಹೊಸದಾಗಿ ಅಕ್ಷರ ಕಲಿತವರಂತೆ ತೊದಲುತ್ತದೆ. ಆದರೂ ಬೇಸರಪಡದೆ ಓದುತ್ತದೆ. ಅದಕ್ಕೆ ಒತ್ತುವ ಗುಂಡಿಯಿಲ್ಲ, ತೋರುವ ಚಿತ್ರವಿಲ್ಲ. ಶೆಲ್ಲಿನ ಮೂಲಕವೇ ಮಾತಾಡಿಸಬೇಕು.

ಶೆಲ್ ಎಂದರೆ ಚಿಪ್ಪು. ಒಳಗಿನ ಯಂತ್ರಕ್ಕೂ ಹೊರಗಿನ ನಮಗೂ ನಡುವೆ ಇರುವ ಹೊದಿಕೆ ಅದು. ಕರಿಯ ಪರದೆಯ ಮೇಲೆ ನಾವು ಒಂದು ಸಾಲಿನ ಆಜ್ಞೆ ಬರೆದು ಎಂಟರ್ ಒತ್ತಿದರೆ, ಶೆಲ್ ಅದನ್ನು ಓದಿಕೊಂಡು ಬೇಕಾದ ತಂತ್ರಾಂಶವನ್ನು ಕರೆದು ಕೆಲಸಕ್ಕೆ ಹಚ್ಚುತ್ತದೆ, ಮುಗಿದ ಮೇಲೆ "ಮುಂದೇನು?" ಎಂಬಂತೆ ಹೊಸ ಸಾಲಿನಲ್ಲಿ ತನ್ನ ಗುರುತು ಮೂಡಿಸುತ್ತದೆ. ನಡುವೆ ಏನೂ ಇಲ್ಲ. ಮಿನುಗುವ ಒಂದು ಚೌಕವಿರುತ್ತದೆ, ಅಷ್ಟೆ. ಕೆಲಸ ನಡೆದಿದ್ದರೂ ಅದೇ ಚೌಕ, ತಡವರಿಸಿ ನಿಂತಿದ್ದರೂ ಅದೇ ಚೌಕ.

ಈ ಮೌನ ಸೊಕ್ಕಿನಿಂದ ಬಂದುದಲ್ಲ, ಅದಕ್ಕೊಂದು ಇತಿಹಾಸವಿದೆ. ಶೆಲ್ಲಿನ ತವರಾದ ಯುನಿಕ್ಸ್ ವ್ಯವಸ್ಥೆ ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರ ಕೈಯಲ್ಲಿ ಹುಟ್ಟಿತು. ಆಗ ಅವರೆದುರಿಗೆ ಇದ್ದುದು ಪರದೆಯಲ್ಲ, ಟೆಲಿಟೈಪ್ ಯಂತ್ರ. ಅದು ಬೆರಳಚ್ಚಿನಂತೆ ಕಾಗದದ ಮೇಲೆ ಕುಟ್ಟುತ್ತಿತ್ತು. ಟೆಲಿಟೈಪ್ ೩೩ ಎಂಬ ಮಾದರಿಯ ವೇಗ ಸೆಕೆಂಡಿಗೆ ೧೦ ಅಕ್ಷರ. ಎಪ್ಪತ್ತು ಅಕ್ಷರಗಳ ಒಂದು ಸಾಲು ಮೂಡಲು ಏಳು ಸೆಕೆಂಡು ಬೇಕು! ಅಂಥ ಕಡೆ ತಂತ್ರಾಂಶವೊಂದು "ನಾನೀಗ ಇದನ್ನು ಮಾಡುತ್ತಿದ್ದೇನೆ, ಈಗ ಅದನ್ನು ಮಾಡುತ್ತಿದ್ದೇನೆ" ಎಂದು ಹರಟಿದರೆ ಯಾರು ಸಹಿಸುವರು? ಮೇಲಾಗಿ ೧೯೭೩ರಲ್ಲಿ ಒಂದರ ಬಾಯಿಂದ ಬಂದುದನ್ನು ಇನ್ನೊಂದರ ಕಿವಿಗೆ ಹರಿಸುವ ಪೈಪ್ ಎಂಬ ಕೊಳವೆಯೂ ಬಂದಿತು. ಕೊಳವೆಯಲ್ಲಿ ಹರಿಯಬೇಕಾದುದು ಫಲಿತಾಂಶವೇ ಹೊರತು ಹರಟೆಯಲ್ಲ. ಹೀಗೆ ಮೌನವೇ ಆ ಮನೆತನದ ನಡತೆಯಾಯಿತು. ಆಗ ಅದರಿಂದ ತೊಂದರೆಯೂ ಇರಲಿಲ್ಲ. ಒಬ್ಬರಿಗೆ ಒಂದು ಯಂತ್ರ, ಕೊಟ್ಟ ಆಜ್ಞೆ ಕಾಗದದ ಮೇಲೆ ಕಣ್ಣೆದುರಿಗೇ ಇರುತ್ತಿತ್ತು. ಒಂದೇ ಪರದೆಯಲ್ಲಿ ಹತ್ತು ಕಿಟಕಿ ತೆರೆದು ಕುಳಿತುಕೊಳ್ಳುವ ಕಾಲ ಬಂದುದು ಆಮೇಲೆ.

ನಾವು ತೆರೆಯುತ್ತಿದ್ದುದು ನಾಲ್ಕು ಕಿಟಕಿ. ಒಂದೊಂದು ಕಿಟಕಿಗೆ ಒಂದೊಂದು ವರ್ಷದ ಸಂಚಿಕೆ. ನಾಲ್ಕರಲ್ಲೂ ಬರೆದ ಸಾಲು ಒಂದೇ, ಅರ್ಧವಿರಾಮಗಳಿಂದ ಬೇರ್ಪಡಿಸಿದ ಮೂರು ಕೆಲಸಗಳ ಉದ್ದನೆಯ ಸಾಲು: ಮೊದಲು ಎಲ್ಲ ಪುಟಗಳನ್ನೂ ಓದು, ಆಮೇಲೆ ಚಿತ್ರಗಳ ಗಾತ್ರ ತಗ್ಗಿಸು, ಕೊನೆಗೆ ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ಸಾಗಿಸು. ಗಣಕಯಂತ್ರದಲ್ಲಿ ಜಾಗ ಕಡಿಮೆಯಾದುದರಿಂದ ಸಾಗಿಸುವುದೆಂದರೆ ಅಲ್ಲಿ ನಕಲು ಮಾಡಿ ಇಲ್ಲಿ ಅಳಿಸುವುದು. ಸಾಲು ಕಣ್ಣಿಗೆ ಕಾಣುತ್ತದೆ, ನಿಜ. ಆದರೆ ಮೂರರಲ್ಲಿ ಈಗ ನಡೆದಿರುವುದು ಯಾವುದು? ಅದನ್ನು ಹೇಳುವವರಿಲ್ಲ. ಕಿಟಕಿಯ ತಲೆಯ ಮೇಲೊಂದು ಪಟ್ಟಿ ಇರುತ್ತದೆ, ಅಲ್ಲಿಯಾದರೂ ಏನಾದರೂ ಬರೆದಿದೆಯೇ ಎಂದರೆ ಬಳಕೆದಾರನ ಹೆಸರು, ಯಂತ್ರದ ಹೆಸರು, ಕಡತಕೋಶದ ಹೆಸರು. ಉಬುಂಟುವಿನ ರೂಢಿ ಅದು. ನಾಲ್ಕಕ್ಕೂ ಅದೇ ಹೆಸರು. ಒಂದೇ ಸಮವಸ್ತ್ರ ತೊಟ್ಟ ನಾಲ್ವರು ಅವಳಿಗಳನ್ನು ಬೆನ್ನ ಹಿಂದಿನಿಂದ ಗುರುತಿಸುವಂತಿತ್ತು ನಮ್ಮ ಪಾಡು.

ಒಂದು ಸಂಜೆ ಕರೆಂಟು ಹೋಯಿತು. ಯು.ಪಿ.ಎಸ್. ಕೂಗಿಕೊಳ್ಳತೊಡಗಿತು. ಅದರ ಬ್ಯಾಟರಿ ಹಳೆಯದು. ಹತ್ತು ನಿಮಿಷ ತಡೆದೀತೆಂಬ ಲೆಕ್ಕ ನಮ್ಮದು. ಓದುತ್ತಿರುವ ಕಿಟಕಿಯನ್ನು ನಡುವೆಯೇ ನಿಲ್ಲಿಸಿದರೆ ನಷ್ಟವಿಲ್ಲ, ನಾಳೆ ಮತ್ತೆ ಓದಿಸಬಹುದು. ಸಾಗಿಸುತ್ತಿರುವ ಕಿಟಕಿಯನ್ನು ಮಾತ್ರ ಮುಟ್ಟಬಾರದು; ಅದು ಮುಗಿಯುವವರೆಗೆ ಕಾದು, ಡಿಸ್ಕನ್ನು ಕ್ರಮವಾಗಿ ಬಿಡಿಸಿಕೊಳ್ಳಬೇಕು. ಏಕೆಂದರೆ ಲಿನಕ್ಸ್ ಬರೆಯಬೇಕಾದುದನ್ನು ಕೂಡಲೇ ಡಿಸ್ಕಿಗೆ ಬರೆಯುವುದಿಲ್ಲ. ಸ್ವಲ್ಪ ಹೊತ್ತು ತನ್ನ ನೆನಪಿನಲ್ಲಿಟ್ಟುಕೊಂಡು ಆಮೇಲೆ ಇಳಿಸುತ್ತದೆ. ಹಾಗಾದರೆ ಸಾಗಿಸುತ್ತಿರುವ ಕಿಟಕಿ ಯಾವುದು? ಒಂದನ್ನು ಮುಂದೆ ತಂದೆವು, ಇನ್ನೊಂದನ್ನು ತಂದೆವು. ಎಲ್ಲ ಕಡೆ ಅದೇ ಸಾಲು, ಅದೇ ಮಿನುಗುವ ಚೌಕ. ಗೆಳತಿ ಹಾರ್ಡ್ ಡಿಸ್ಕಿಗೆ ಕಿವಿಯಿಟ್ಟು ಕೇಳಿದಳು. ಡಿಸ್ಕು ತಿರುಗುತ್ತಿದೆ, ಯಾರಿಗಾಗಿ ತಿರುಗುತ್ತಿದೆಯೋ ತಿಳಿಯದು. ನಾಲ್ಕನೆಯ ನಿಮಿಷಕ್ಕೆ ಯು.ಪಿ.ಎಸ್. ಕೈಚೆಲ್ಲಿತು. ಕೋಣೆ ಕತ್ತಲಾಯಿತು.

ಮರುದಿನ ನೋಡಿದಾಗ ಒಂದು ಸಂಚಿಕೆಯ ಹತ್ತಿಪ್ಪತ್ತು ಪುಟಗಳ ಚಿತ್ರ ಇಲ್ಲಿ ಅಳಿದುಹೋಗಿದ್ದವು, ಅಲ್ಲಿ ಇಳಿದಿರಲಿಲ್ಲ. ಚಿತ್ರ ಹೋದರೇನಂತೆ, ಮತ್ತೆ ತೆಗೆದರಾಯಿತು ಎನ್ನುವಿರಾ? ಆ ಸಂಚಿಕೆಯ ಕಾಗದವನ್ನು ನೀವು ಮುಟ್ಟಿಲ್ಲ. ಹಪ್ಪಳವಾದರೂ ಅಷ್ಟು ಬೇಗ ಮುರಿಯದು. ಎರಡನೆಯ ಸಲ ಬಿಡಿಸಿ ಗಾಜಿನ ಮೇಲೆ ಮಗುಚಿಟ್ಟಾಗ ಒಂದು ಹಾಳೆ ಹೊಲಿಗೆಯ ಬಳಿ ತುಂಡಾಗಿ ಅದರ ಒಂದು ಮೂಲೆ ಪುಡಿಯಾಯಿತು. ಅಲ್ಲಿದ್ದುದು ಇಂಟರ್‌ಮೀಡಿಯೆಟ್ ತರಗತಿಯ ಯಾರೋ ವಿದ್ಯಾರ್ಥಿನಿಯ ಪದ್ಯ. ಕೊನೆಯ ನಾಲ್ಕು ಸಾಲು ಈಗ ಎಲ್ಲಿಯೂ ಇಲ್ಲ. ಮೇಲಿನ ಸಾಲುಗಳನ್ನು ನೋಡಿದರೆ ಪದ್ಯ ಅಂಥ ಘನವಾದುದೇನೂ ಅಲ್ಲವೆಂದು ನಮ್ಮ ಅಧ್ಯಾಪಕರೊಬ್ಬರು ಸಮಾಧಾನ ಹೇಳಿದರು. ನನಗೆ ಅದು ಸಮಾಧಾನವೆನಿಸಲಿಲ್ಲ. ಆ ಕಾಲದಲ್ಲಿ ಕಾಲೇಜಿಗೆ ಬಂದ ಹೆಣ್ಣುಮಗಳೊಬ್ಬಳು ಅಚ್ಚಿನಲ್ಲಿ ಬಿಟ್ಟುಹೋದುದು ಬಹುಶಃ ಅದೊಂದೇ.

ಕಿಟಕಿ ಯಾವುದೆಂದು ತಿಳಿದಿದ್ದರೆ ಅದು ಉಳಿಯುತ್ತಿತ್ತೆಂದು ಆಣೆಯಿಟ್ಟು ಹೇಳಲಾರೆ. ಬ್ಯಾಟರಿಯೇ ನಾಲ್ಕು ನಿಮಿಷದ್ದು. ಆದರೆ ಆ ನಾಲ್ಕು ನಿಮಿಷ ನಾವು ಕಳೆದುದು ಕೆಲಸದಲ್ಲಲ್ಲ, ಹುಡುಕಾಟದಲ್ಲಿ.

ಅಲ್ಲಿಂದ ಬ್ಯಾಶ್‌ನ ಕೈಪಿಡಿಯನ್ನು ಓದಲು ಕುಳಿತೆ. ಬ್ಯಾಶ್ ಎಂಬುದು ನಮ್ಮ ಶೆಲ್ಲಿನ ಹೆಸರು. ೧೯೭೯ರಲ್ಲಿ ಸ್ಟೀಫನ್ ಬೋರ್ನ್ ಬರೆದ ಶೆಲ್ ಹೊರಬಂದಿತು, ಅದನ್ನು ಅನುಸರಿಸಿ ೧೯೮೯ರಲ್ಲಿ ಬ್ರಯಾನ್ ಫಾಕ್ಸ್ ಎಂಬವರು ಇದನ್ನು ಬರೆದು, ಬೋರ್ನರ ಹೆಸರಿನ ಮೇಲೆ ಶ್ಲೇಷೆ ಮಾಡಿ, ಮತ್ತೆ ಹುಟ್ಟಿದ ಶೆಲ್ ಎಂಬರ್ಥದ ಹೆಸರಿಟ್ಟರು. ಕೈಪಿಡಿ ಯಂತ್ರದೊಳಗೇ ಇದೆ. ಇಂಗ್ಲಿಷಿನಲ್ಲಿದೆ, ಉದ್ದವಾಗಿದೆ, ಮತ್ತು ಓದುವವರ ಮೇಲೆ ಎಳ್ಳಷ್ಟೂ ಕರುಣೆಯಿಲ್ಲ. ನಾಲ್ಕು ದಿನ ನಿಘಂಟನ್ನು ಬದಿಗಿಟ್ಟುಕೊಂಡು ಓದಿದೆ.

ಮೊದಲು ಕಂಡುದು ಪಿಎಸ್ ಎಂಬ ಆಜ್ಞೆಯ ದಾರಿ. ಇನ್ನೊಂದು ಕಿಟಕಿ ತೆರೆದು ಅದನ್ನು ಕೇಳಿದರೆ ಯಂತ್ರದಲ್ಲಿ ನಡೆದಿರುವ ಕೆಲಸಗಳ ಪಟ್ಟಿಯನ್ನೇ ಒಪ್ಪಿಸುತ್ತದೆ. ಯಾವುದು ಓಡುತ್ತಿದೆ, ಯಾವುದು ಡಿಸ್ಕಿಗಾಗಿ ಕಾದು ನಿಂತಿದೆ ಎಂಬುದನ್ನು ಒಂದೊಂದು ಅಕ್ಷರದಲ್ಲಿ ಸೂಚಿಸುತ್ತದೆ. ಒಳ್ಳೆಯದೇ. ಆದರೆ ಅದು ಎದ್ದು ಮಗ್ಗದ ಬಳಿಗೆ ಹೋಗಿ ನೋಡಿದಂತೆ. ಕಟ್ಟೆಯ ಮೇಲೆ ಕುಳಿತೇ ತಿಳಿಯಬೇಕೆಂಬುದು ನನ್ನ ಹಟ. ಆಪಲ್ ಕಂಪೆನಿಯ ಮ್ಯಾಕ್ ಯಂತ್ರಗಳಲ್ಲಿ ಕಂಟ್ರೋಲ್ ಮತ್ತು ಟಿ ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಈಗ ಓಡುತ್ತಿರುವ ಆಜ್ಞೆಯ ಹೆಸರು ಪರದೆಯ ಮೇಲೆ ಬರುತ್ತದೆಯಂತೆ. ಲಿನಕ್ಸಿನಲ್ಲಿ ಆ ಸೌಕರ್ಯವಿಲ್ಲ. ನಮ್ಮ ಗ್ರಂಥಾಲಯದಲ್ಲಿ ಮ್ಯಾಕ್ ಇಲ್ಲ.

ಉಳಿದುದು ತಲೆಪಟ್ಟಿ. ಅದರಲ್ಲಿ ಬರೆಯುವ ಉಪಾಯ ಸ್ವಾರಸ್ಯವಾಗಿದೆ. ಪರದೆಗೆ ಕಳಿಸುವ ಅಕ್ಷರಗಳ ನಡುವೆ ಎಸ್ಕೇಪ್ ಎಂಬ ೨೭ನೆಯ ಸಂಕೇತ, ಒಂದು ಮುಚ್ಚುವ ಚೌಕಾವರಣ, ಒಂದು ಸೊನ್ನೆ, ಒಂದು ಅರ್ಧವಿರಾಮ ಕಳಿಸಿದರೆ, ಮುಂದೆ ಬರುವುದನ್ನು ಟರ್ಮಿನಲ್ ಪರದೆಯ ಒಳಗೆ ಬರೆಯದೆ ತಲೆಪಟ್ಟಿಯಲ್ಲಿ ಬರೆಯುತ್ತದೆ. ಸಾಕೆಂದು ಹೇಳಲು ೭ನೆಯ ಸಂಕೇತ. ಈ ಏಳನೆಯದರ ಹೆಸರು ಗಂಟೆ. ಟೆಲಿಟೈಪ್ ಕಾಲದಲ್ಲಿ ಅದನ್ನು ಕಳಿಸಿದರೆ ಯಂತ್ರದೊಳಗೆ ನಿಜವಾದ ಗಂಟೆಯೇ ಬಾರಿಸುತ್ತಿತ್ತು. ಮೂಗನಾದ ಶೆಲ್ಲಿನ ಬಾಯಿ ಬಿಡಿಸುವ ಮಂತ್ರದ ಕೊನೆಯಲ್ಲಿ ಒಂದು ಗಂಟೆಯಿರುವುದು ನನಗೆ ಹಿಡಿಸಿತು.

ಬರೆಯಬೇಕಾದುದನ್ನು ಯಾವಾಗ ಬರೆಯಬೇಕು? ಬ್ಯಾಶ್‌ನಲ್ಲಿ ಪ್ರಾಂಪ್ಟ್ ಕಮಾಂಡ್ ಎಂಬುದೊಂದಿದೆ, ಅದು ಪ್ರತಿ ಕೆಲಸ ಮುಗಿದು ಹೊಸ ಗುರುತು ಮೂಡುವ ಮುನ್ನ ನಡೆಯುತ್ತದೆ. ಮುಗಿದ ಮೇಲೆ ಹೇಳಿ ಏನು ಫಲ? ನಮಗೆ ಬೇಕಾದುದು ಕೆಲಸ ಹೊರಡುವ ಕ್ಷಣ. ಅದಕ್ಕೆ ಟ್ರ್ಯಾಪ್ ಎಂಬ ಬಲೆಯಿದೆ. ಡಿಬಗ್ ಎಂಬ ಹೆಸರಿನ ಬಲೆ ಒಡ್ಡಿದರೆ ಬ್ಯಾಶ್ ಪ್ರತಿಯೊಂದು ಬಿಡಿ ಆಜ್ಞೆಯನ್ನು ನಡೆಸುವ ಮುನ್ನ ನಾವು ಹೇಳಿದುದನ್ನು ಮಾಡುತ್ತದೆ. ಹೊರಡಲಿರುವ ಆಜ್ಞೆ ಯಾವುದೆಂಬುದನ್ನು ಬ್ಯಾಶ್ ಕಮಾಂಡ್ ಎಂಬ ಚರದಲ್ಲಿ ಇಟ್ಟುಕೊಂಡಿರುತ್ತದೆ. ಎರಡನ್ನೂ ಕೂಡಿಸಿ ಒಂದೇ ಸಾಲು ಬರೆದರೆ ಸಾಕು. ಕೆಲಸ ನಡೆದಿರುವಾಗ ತಲೆಪಟ್ಟಿಯಲ್ಲಿ ಆಜ್ಞೆ. ಮುಗಿದು ಗುರುತು ಮೂಡಿದೊಡನೆ ಉಬುಂಟುವಿನ ರೂಢಿಯಂತೆ ಮತ್ತೆ ಕಡತಕೋಶದ ಹೆಸರು. ಮೂರು ಕೆಲಸದ ಉದ್ದನೆಯ ಸಾಲಿನಲ್ಲಿ ಈಗ ಯಾವುದು ಎಂಬುದು ದೂರದಿಂದಲೇ ಕಾಣುತ್ತದೆ. ಜೀಶೆಲ್ ಎಂಬ ಇನ್ನೊಂದು ಶೆಲ್ಲಿನಲ್ಲಿ ಇದಕ್ಕೆಂದೇ ಪ್ರಿಎಕ್ಸೆಕ್ ಎಂಬ ಸರಳವಾದ ಏರ್ಪಾಡಿದೆ. ನಮ್ಮಲ್ಲಿದ್ದುದು ಬ್ಯಾಶ್, ನಾವು ಬಲೆ ಒಡ್ಡಿದೆವು.

ಬಲೆಗೂ ತೂತುಗಳಿವೆ. ಕೊಳವೆ ಜೋಡಿಸಿದ ಆಜ್ಞೆಯಲ್ಲಿ ತುಂಡುತುಂಡಿಗೂ ಬಲೆ ಬೀಳುವುದರಿಂದ ಕೊನೆಯ ತುಂಡಿನ ಹೆಸರೊಂದೇ ಉಳಿಯುತ್ತದೆ. ಇನ್ನೊಂದು ಎಚ್ಚರ: ಆಜ್ಞೆಯ ಸಾಲಿನಲ್ಲೇ ಗುಟ್ಟಿನ ಪದವನ್ನು ಬರೆಯುವ ಅಭ್ಯಾಸವಿದ್ದವರ ಗುಟ್ಟು ಇನ್ನು ತಲೆಪಟ್ಟಿಯಲ್ಲಿ ಮೆರೆಯುತ್ತದೆ. ಅವರ ಗುಟ್ಟು ಪಿಎಸ್‌ಗೆ ಮೊದಲೇ ಗೊತ್ತಿತ್ತೆನ್ನಿ.

ಮೂರನೆಯ ತೂತನ್ನು ಕಂಡುಹಿಡಿದವರು ನಮ್ಮ ಅಪ್ಪ. ನೂಲು ಕೊಳ್ಳಲು ಪಟ್ಟಣಕ್ಕೆ ಬಂದವರು ಕಾಲೇಜಿಗೂ ಬಂದಿದ್ದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಪ್ಪ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವರು. ಪ್ರತಿ ಭಾನುವಾರ ಫೋನಿನಲ್ಲಿ "ಏನ ನಡದೈತಿ ಯವ್ವಾ?" ಎನ್ನುತ್ತಾರೆ, ನಾನು "ಓದು ನಡದೈತಿ" ಎನ್ನುತ್ತೇನೆ, ಮುಂದೆ ಇಬ್ಬರಿಗೂ ಮಾತು ತೋಚುವುದಿಲ್ಲ. ಮೂರು ವರ್ಷದಿಂದ ಮಗಳು ಸದ್ದಿಲ್ಲದ ಏನನ್ನೋ ಮಾಡುತ್ತಿದ್ದಾಳೆ. ನಡೆದಿದೆಯೋ ನಿಂತಿದೆಯೋ ಅವರಿಗೆ ಕೇಳಿಸುವುದಿಲ್ಲ. ಆ ದಿನ ಕುರ್ಚಿ ಎಳೆದುಕೊಟ್ಟು ಕೂಡಿಸಿದೆ. ಪರದೆಯನ್ನು ಬಹಳ ಹೊತ್ತು ನೋಡಿದರು.

"ಇದೇನ ಮಾಡಾಕತ್ತೈತಿ ಈಗ?"

"ಹಳೇ ಪುಸ್ತಕ ಓದಾಕತ್ತೈತಿ, ಅಪ್ಪಾ."

"ಸದ್ದ ಇಲ್ಲಲ್ಲ?"

"ಇದು ಸದ್ದ ಮಾಡಂಗಿಲ್ಲ. ಮ್ಯಾಲ ನೋಡ್ರಿ, ಅಲ್ಲಿ ಬರದಿರ್ತೈತಿ."

ತಲೆಪಟ್ಟಿಯನ್ನು ನೋಡಿದರು. ಇಂಗ್ಲಿಷ್ ಅಕ್ಷರ. ಅದನ್ನು ಬಿಟ್ಟು ಕೇಳಿದರು: "ಎಷ್ಟನೇ ಪಾನ? ಎಷ್ಟ ಉಳದಾವು?"

ನೇಕಾರರ ಪ್ರಶ್ನೆ. ಮಗ್ಗ ನಡೆದಿದೆ ಎಂದರೆ ಸಾಲದು. ಎಷ್ಟು ಸೀರೆ ಇಳಿಯಿತು, ಬೀಮಿನಲ್ಲಿ ಇನ್ನೆಷ್ಟು ಹಾಸು ಉಳಿಯಿತು ಎಂಬುದು ಬೇಕು. ಲಾಳಿಯಲ್ಲಿ ಕಂಡಿಕೆ ಬರಿದಾದರೂ ಸದ್ದು ಮಾಡುವ ಮಗ್ಗವನ್ನು ಅವರು ಕಂಡಿದ್ದಾರೆ. ನಮ್ಮ ತಲೆಪಟ್ಟಿಯಲ್ಲಿ ಆ ಉತ್ತರ ಇರಲಿಲ್ಲ. ಬ್ಯಾಶ್ ಕಮಾಂಡ್ ತೋರಿಸುವುದು ನಾವು ಬರೆದ ಆಜ್ಞೆಯನ್ನು ಬರೆದಂತೆಯೇ. ಪುಟದ ಸಂಖ್ಯೆ ಬರಬೇಕಾದ ಕಡೆ ಸಂಖ್ಯೆಯಿರುವುದಿಲ್ಲ, ಆ ಸಂಖ್ಯೆಗೆ ನಾವಿಟ್ಟ ಅಡ್ಡಹೆಸರು ಇರುತ್ತದೆ. ಮೊದಲನೆಯ ಪುಟಕ್ಕೂ ಅದೇ, ಇನ್ನೂರನೆಯ ಪುಟಕ್ಕೂ ಅದೇ.

ಅಪ್ಪ ನೂಲಿನ ಗಂಟು ಹೊತ್ತು ಬಸ್ಸಿಗೆ ಹೋದ ಮೇಲೆ ಕುಳಿತು ನೋಡಿದೆ. ಪ್ರತಿ ಪುಟಕ್ಕೂ ಮುಂಚೆ ನಾವೇ ತಲೆಪಟ್ಟಿಯಲ್ಲಿ ಸಂಖ್ಯೆ ಬರೆಯುವಂತೆ ಮಾಡಿದರೆ, ಟೆಸರಾಕ್ಟ್ ಹೊರಡುವ ಮುನ್ನ ಬಲೆ ಮತ್ತೆ ಬಿದ್ದು ನಾವು ಬರೆದುದನ್ನು ಒರೆಸಿ ತನ್ನದನ್ನು ಬರೆಯುತ್ತದೆ. ಕಾವಲಿಗಿಟ್ಟವನೇ ಮನೆಯವರನ್ನು ಒಳಗೆ ಬಿಡದ ಹಾಗೆ! ಕೊನೆಗೆ ಎಲ್ಲ ಸಾಲುಗಳನ್ನೂ ಒಂದು ಪ್ರತ್ಯೇಕ ಕಡತದಲ್ಲಿ ಬರೆದೆ. ಅಂಥ ಕಡತವನ್ನು ನಡೆಸಲು ಹೊಸದೊಂದು ಬ್ಯಾಶ್ ಹುಟ್ಟುತ್ತದೆ. ಹೊರಗಿನ ಶೆಲ್ಲಿನ ಬಲೆ ಅದಕ್ಕೆ ಅಂಟುವುದಿಲ್ಲ. ಒಳಗೆ ನಮ್ಮ ಸಂಖ್ಯೆ ಸುರಕ್ಷಿತ.

ಸಂಖ್ಯೆಯನ್ನು ಬರೆಯುವಾಗ ಮಾತನ್ನೂ ಕನ್ನಡದಲ್ಲೇ ಬರೆದರೇನು ಎನಿಸಿತು. ಕರಿಯ ಪರದೆಯ ಒಳಗೆ ಕನ್ನಡದ ಗತಿ ನಿಮಗೆ ಗೊತ್ತಿರಬಹುದು: ಅಲ್ಲಿ ಅಕ್ಷರಗಳಿಗೆಲ್ಲ ಒಂದೇ ಅಳತೆಯ ಚೌಕಗಳು, ನಮ್ಮ ಒತ್ತು ಗುಣಿತಗಳು ಅದರಲ್ಲಿ ಹಿಡಿಸದೆ ಒಂದರ ಮೇಲೊಂದು ಬೀಳುತ್ತವೆ. ಆದರೆ ತಲೆಪಟ್ಟಿಯ ಅಕ್ಷರಗಳಿಗೆ ಆ ಚೌಕಗಳ ಹಂಗಿಲ್ಲ. ಪರದೆಯ ಮೇಲಿನ ಬೇರೆಲ್ಲ ಬರಹದಂತೆ ಅವು ಮೂಡುತ್ತವೆ. ಒಳಗೆ ಚೂರುಚೂರಾಗಿ ಬೀಳುವ ಅದೇ ಮಾತು ಮೇಲೆ ಅಚ್ಚಿನಲ್ಲಿ ಹೊಯ್ದಂತೆ ದುಂಡಗೆ ಬಂದಿತು: "ಓದುತ್ತಿದೆ, ಪುಟ ೧೧೨, ಒಟ್ಟು ೧೯೬." ಅಂಕಿಗಳನ್ನು ಕನ್ನಡಕ್ಕೆ ತಿರುಗಿಸಲು ಇನ್ನೊಂದು ಸಾಲು ಬರೆಯಬೇಕಾಯಿತು. ಅದು ಬೇಕಿತ್ತೇ ಎಂದು ಗೆಳತಿ ಕೇಳಿದಳು. ಬೇಕಿತ್ತು.

ಆ ಪರದೆಯ ಚಿತ್ರವನ್ನು ಫೋನಿನಲ್ಲಿ ಮನೆಗೆ ಕಳಿಸಿದೆ. ಅರ್ಧ ಗಂಟೆಯ ಮೇಲೆ ಅಪ್ಪನ ಕರೆ ಬಂದಿತು, ಹಿಂದೆ ಮಗ್ಗಗಳ ಸದ್ದು. "ಇನ್ನೂ ಎಂಬತ್ನಾಕ ಉಳದಾವು" ಎಂದರು. ಅಷ್ಟು ಹೊತ್ತಿಗೆ ಎಪ್ಪತ್ತೊಂದು ಉಳಿದಿದ್ದವು. ಹೇಳಿದೆ. "ಹಂಗಾದ್ರ ರಾತ್ರಿ ಊಟದೊಳಗ ಮುಗೀತೈತಿ ಬಿಡು" ಎಂದರು. ಊಟದ ಹೊತ್ತಿಗೆ ಮುಗಿಯಿತು.

ಪರೀಕ್ಷೆಗೆ ಮುಂಚೆ ಎಲ್ಲ ಸಂಚಿಕೆಗಳೂ ಆಗುವ ಹಾಗೆ ಕಾಣುವುದಿಲ್ಲ. ಮುಂದಿನ ವರ್ಷ ಆ ಕೋಣೆಗೆ ಬರುವವರಿಗೆ ಇಷ್ಟು ತಿಳಿಸಿಡುತ್ತೇನೆ: ಬಲೆಯ ಸಾಲು ಬ್ಯಾಶ್‌ನ ಆರಂಭದ ಕಡತದ ಕೊನೆಯಲ್ಲಿದೆ. ಪುಟಗಳನ್ನು ಓದಿಸುವ ಕಡತದ ಹೆಸರು 'ಓದು', ಡಿಸ್ಕಿಗೆ ಸಾಗಿಸುವುದರ ಹೆಸರು 'ಸಾಗಿಸು'. ಯು.ಪಿ.ಎಸ್. ಕೂಗಿದರೆ ತಲೆಪಟ್ಟಿಯಲ್ಲಿ ಎರಡನೆಯ ಹೆಸರಿರುವ ಕಿಟಕಿಯನ್ನು ಬಿಟ್ಟು ಉಳಿದವನ್ನೆಲ್ಲ ನಿಲ್ಲಿಸಿ. ಮುರಿದ ಹಾಳೆಯನ್ನು ಲಕೋಟೆಯಲ್ಲಿಟ್ಟು ಆ ಸಂಚಿಕೆಯ ರಟ್ಟಿನ ಒಳಬದಿಗೆ ಅಂಟಿಸಿದ್ದೇವೆ. ಬಿಡಿಸುವಾಗ ಫ್ಯಾನು ಆರಿಸಿ.